ಮಳೆಗಾಲಕ್ಕೆ ಮೊದಲು ತೋಟೆ ಕೋವಿ: ಕಾಸರಗೋಡಿನ ಕೃಷಿಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಆಟಿ ತಿಂಗಳ ಒಂದು ಮಧ್ಯಾಹ್ನ. ಅಡಿಕೆಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸಿ ಮನೆಗೆ ಬಂದವನು ಅಂಗಳದ ಬದಿಯಲ್ಲಿ ಕೈ ತೊಳೆದು, ಒಳಗೆ ಹೋಗಿ ಕಪಾಟಿನಿಂದ ಅಜ್ಜನ ಕಾಲದ ಜೋಡು ನಳಿಗೆ ಕೋವಿಯನ್ನು ತೆಗೆದೆ. ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ತುಕ್ಕು ಹಿಡಿದಿದೆಯೇ ಎಂದು ನೋಡಿ, ಹಾಗೆಯೇ ಒಳಗಿಟ್ಟೆ. ಮರುದಿನ ಬೆಳಗ್ಗೆ ನಳಿಗೆಯ ಮೇಲೆ ನನ್ನ ಮೂರು ಬೆರಳುಗಳ ಗುರುತು ತಾಮ್ರದ ಬಣ್ಣದಲ್ಲಿ ಮೂಡಿತ್ತು. ನೀಲಿ ಹೊಳಪು ಸವೆದು ಉಕ್ಕು ಬರಿದಾಗಿದ್ದ ಜಾಗದಲ್ಲಿ ಬೆರಳಿನ ಗೆರೆಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮೈಲುತುತ್ತು ಕಬ್ಬಿಣಕ್ಕೆ ತಗಲಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಶಾಲೆಯಲ್ಲಿ ಮೊಳೆಯನ್ನು ನೀಲಿ ನೀರಿಗೆ ಹಾಕಿ ಮಾಡಿದ ಪ್ರಯೋಗವೇ ನನ್ನ ಕೋವಿಯ ಮೇಲೆ ನಡೆದಿತ್ತು. ಆ ಗುರುತು ಇಂದಿಗೂ ಮಸುಕಾಗಿ ಉಳಿದಿದೆ.

ನಮ್ಮ ಊರಿನ ಕೋವಿಗಳು ಗುಂಡು ಹೊಡೆದು ಹೊಡೆದು ಹಾಳಾಗುವುದಿಲ್ಲ. ವರ್ಷದಲ್ಲಿ ನಾಲ್ಕು ಬಾರಿ ಸದ್ದು ಮಾಡಿದರೆ ಹೆಚ್ಚು. ಮಳೆ, ಬೆವರು, ತೊಗಲಿನ ಚೀಲ, ತೆಂಗಿನೆಣ್ಣೆ, ಹೊಂದದ ತೋಟೆ (ಕಾರ್ಟ್ರಿಡ್ಜ್), ಇವುಗಳಿಂದ ಹಾಳಾಗುತ್ತವೆ. ಹಾಳಾದದ್ದು ಗೊತ್ತಾಗದೆ ಒಂದು ದಿನ ಕೈಯಲ್ಲೇ ಸಿಡಿಯುತ್ತವೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಪರವಾನಗಿ ಇರುವ ಹನ್ನೆರಡು ಬೋರ್ ಕೋವಿಯನ್ನು ಮನೆಯಲ್ಲಿಟ್ಟುಕೊಂಡಿರುವ ಕೃಷಿಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಇದನ್ನು ಬೆಡಿ ಎಂದೂ ಕರೆಯುತ್ತಾರೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ವಿಷಯ ಬೇರೆ. ಇಲ್ಲಿ ಹೇಳುವುದು ಮಡಚಿ ತೋಟೆ ಹಾಕುವ ಕೋವಿಯ ಬಗ್ಗೆ.

ಮೊದಲು ಕಾಗದ

ಕೋವಿಯನ್ನು ಮುಟ್ಟುವ ಮೊದಲು ಪರವಾನಗಿ ಪುಸ್ತಕವನ್ನು ತೆರೆಯಿರಿ. ಅವಧಿ ಮುಗಿಯುವ ದಿನವನ್ನು ಮನೆಯ ಪಂಚಾಂಗದ ಮೇಲೆ ಬರೆದಿಡಿ. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಐದು ವರ್ಷವೆಂದರೆ ಮರೆಯುವುದಕ್ಕೆ ಧಾರಾಳ ಸಮಯ. ಅವಧಿ ಮುಗಿಯಲು ಎರಡು ತಿಂಗಳಿಗಿಂತ ಹೆಚ್ಚು ಇರುವಾಗಲೇ ನವೀಕರಣದ ಅರ್ಜಿ ಸಲ್ಲಿಸಿ. ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ವರದಿ ಎಲ್ಲವೂ ಆಗಬೇಕು, ಒಂದೊಂದಕ್ಕೂ ಒಂದೊಂದು ಓಡಾಟ. ಪರವಾನಗಿಗೆ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತು ಸಂಖ್ಯೆ ಇದೆಯೇ ಎಂದೂ ನೋಡಿಕೊಳ್ಳಿ. ಹಳೆಯ ಕೈಬರಹದ ಪುಸ್ತಕವಷ್ಟೇ ಇದ್ದರೆ ಅದು ಸಾಲದು. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಅರ್ಜಿಯನ್ನು ಮಲಯಾಳದಲ್ಲೇ ಬರೆಯಬೇಕೆಂದು ಹೆದರಬೇಕಾಗಿಲ್ಲ. ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇಲ್ಲಿನ ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದೆ, ಅದನ್ನು ಬಳಸದಿದ್ದರೆ ತುಕ್ಕು ಹಿಡಿಯುತ್ತದೆ.

ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಅಟ್ಟದಲ್ಲಿ ಹಳೆಯದೊಂದು ಬಿದ್ದಿದೆ, ಅದು ಹಾರುವುದೇ ಇಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕು ಇದೆ, ಇದನ್ನು ಒತ್ತಿ ಹೇಳುತ್ತೇನೆ. ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂದು ಬರೆದಿರುತ್ತದೆ. ಪೆರ್ಲದವನಿಗೆ ಗಡಿಯಾಚೆ ಕರ್ನಾಟಕದ ಅಡ್ಯನಡ್ಕ ಪೇಟೆಯೆಂದರೆ ನೆರೆಮನೆಯಿದ್ದಂತೆ. ಆದೂರಿನವನಿಗೆ ಜಾಲ್ಸೂರು ದೂರವಲ್ಲ. ಎಷ್ಟೋ ಮನೆಗಳಿಗೆ ಗಡಿಯ ಎರಡೂ ಬದಿಯಲ್ಲಿ ತೋಟವಿದೆ. ಆದರೆ ಕೇರಳಕ್ಕೆ ಮಾತ್ರ ಅನ್ವಯಿಸುವ ಪರವಾನಗಿಯ ಕೋವಿ ಗಡಿಯ ಸಾರಡ್ಕ ದಾಟಿದ ಕ್ಷಣದಲ್ಲಿ ಅಕ್ರಮ ಕೋವಿಯಾಗುತ್ತದೆ. ರಿಪೇರಿಗೆಂದು ಮಂಗಳೂರಿಗೆ ಒಯ್ಯುವ ಯೋಚನೆ ಇದ್ದರೆ ಮೊದಲು ಆ ಸಾಲನ್ನು ಓದಿ. ಹಾಗೆಯೇ, ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆಯೆಂದು ಕೇಳಿ, ಅಲ್ಲಿನ ನೆಂಟರ ಕೋವಿಯನ್ನು ಇಲ್ಲಿ ಮಳೆಗಾಲ ಮುಗಿಯುವವರೆಗೆ ಇಟ್ಟುಕೊಳ್ಳಲು ಯಾರೂ ಹೋಗಬಾರದು. ಆ ವಿನಾಯಿತಿ ಅವರದ್ದು, ನಮ್ಮದಲ್ಲ.

ಅಪ್ಪನ ಹೆಸರಿನಲ್ಲಿ ಪರವಾನಗಿ ಇದೆ, ಅಪ್ಪನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಕೋವಿಯನ್ನು ತೋರಿಸಲು ಅಥವಾ ರಿಪೇರಿ ಮಾಡಿಸಲು ಮಗ ಒಯ್ಯಬಹುದೇ? ಒಯ್ಯಬಹುದು, ಅಪ್ಪ ಜೊತೆಗಿದ್ದರೆ ಅಥವಾ ಅಪ್ಪ ಬರೆದುಕೊಟ್ಟ ಅಧಿಕಾರಪತ್ರ ಜೇಬಿನಲ್ಲಿದ್ದರೆ. ಕಾಯಿದೆಯ ಮೂರನೆಯ ಸೆಕ್ಷನ್ನಿನಲ್ಲೇ ಈ ಅವಕಾಶವಿದೆ. ಬಾಯಿಮಾತಿನ ಅನುಮತಿ ಸಾಲದು. ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ಉತ್ತರಾಧಿಕಾರಿಯ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ದಾರಿಯಿದೆ. ಹಿರಿಯರ ಸಹಿ ನಡುಗುವ ಮೊದಲೇ ಈ ಕೆಲಸ ಮುಗಿಸಿ. ಅವರು ತೀರಿಕೊಂಡ ಮೇಲೆ ಪರವಾನಗಿ ಸಿಗುವವರೆಗೆ ಕೋವಿ ಇರಬೇಕಾದ್ದು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ. ಹದಿಮೂರನೆಯ ದಿನದವರೆಗೆ ಕಾಯಬೇಡಿ.

ನಿಮ್ಮ ಕೋವಿ ಏನು ಕೇಳುತ್ತದೆ

ಹನ್ನೆರಡು ಬೋರ್ ಎಂದರೆ ನಳಿಗೆಯ ಒಳ ಅಗಲದಷ್ಟಿರುವ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುತ್ತವೆ ಎಂದರ್ಥ. ಅಗಲ ಸುಮಾರು 18.5 ಮಿಲಿಮೀಟರ್. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ತೋಟೆ ಕೂರುವ ಕೋಣೆಯ ಉದ್ದ. ಹಳೆಯ ಕೋವಿಗಳಲ್ಲಿ ಹೆಚ್ಚಿನವು ಎರಡೂವರೆ ಇಂಚಿನ, ಅಂದರೆ 65 ಮಿಲಿಮೀಟರಿನ ತೋಟೆಗಾಗಿ ಮಾಡಿದವು. ಈಗ ಸಿಗುವ ತೋಟೆಗಳಲ್ಲಿ 70 ಮಿಲಿಮೀಟರಿನವೂ ಇವೆ. ಐದು ಮಿಲಿಮೀಟರ್ ತಾನೇ, ಹಾಕಿದರೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಮತ್ತೇನು ಎಂದು ಕೇಳುವವರಿದ್ದಾರೆ. ಅಪಾಯ ಇರುವುದೇ ಅಲ್ಲಿ. ತೋಟೆಯ ಮೇಲೆ ಬರೆದಿರುವುದು ಗುಂಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರುವ ಮೊದಲು ಅದರ ಬಾಯಿ ಮಡಚಿ ಗಿಡ್ಡವಾಗಿರುತ್ತದೆ. ಚಿಕ್ಕ ಕೋಣೆಯಲ್ಲಿ ಅದು ಬಿಚ್ಚಿಕೊಂಡಾಗ ತುದಿ ಮುಂದಿನ ಕಿರಿದಾದ ಭಾಗಕ್ಕೆ ನುಗ್ಗಿ ದಾರಿ ಕಟ್ಟುತ್ತದೆ, ಒತ್ತಡ ಒಮ್ಮೆಲೇ ಏರುತ್ತದೆ.

ಆದ್ದರಿಂದ ಕೋವಿಯನ್ನು ಬಿಡಿಸಿ ನಳಿಗೆಯ ಅಡಿಯ ಚಪ್ಪಟೆ ಭಾಗವನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಪುಟ್ಟ ಮುದ್ರೆಗಳಿರುತ್ತವೆ. 65, 70, ಎರಡೂವರೆ, ಎರಡೂಮುಕ್ಕಾಲು ಎಂಬ ಅಂಕಿಗಳನ್ನು ಹುಡುಕಿ. ಇಂಗ್ಲೆಂಡಿನ ಹಳೆಯ ಕೋವಿಗಳಲ್ಲಿ ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎನ್ನಲು ನೈಟ್ರೋ ಎಂಬ ಪದವೋ ಕಿರೀಟದ ಕೆಳಗೆ ಬಿಎನ್‌ಪಿ ಎಂಬ ಅಕ್ಷರಗಳೋ ಇರುತ್ತವೆ. ಅಂಕಿ ಸವೆದುಹೋಗಿದ್ದರೆ ಊಹೆ ಬೇಡ, ಕೋವಿ ರಿಪೇರಿ ಮಾಡುವವರಿಂದ ಅಳತೆ ಮಾಡಿಸಿ. ಕೆಲವು ಹಳೆಯ ಮನೆಗಳಲ್ಲಿ ನಳಿಗೆಯ ಮೇಲೆ ನೀರಿನ ಅಲೆಯಂತೆ, ಹಲಸಿನ ಹಲಗೆಯ ಗೆರೆಯಂತೆ ಚಿತ್ತಾರ ಕಾಣುವ ಕೋವಿಗಳಿವೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳು ಅವು. ಅವುಗಳ ಅಂದ ಬೇರೆಯೇ. ಆದರೆ ಅವು ಕರಿಮದ್ದಿನ ಕಾಲದವು. ಬೆಸುಗೆಯ ಒಳಗೆ ತುಕ್ಕು ಇಳಿದಿದ್ದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಅವುಗಳಿಗೆ ಈಗಿನ ತೋಟೆ ಹಾಕಲೇಬೇಡಿ.

ತೋಟೆ

ನಮ್ಮಲ್ಲಿ ಸಿಗುವ ತೋಟೆಗಳಲ್ಲಿ ಬಹುಪಾಲು ಪುಣೆಯ ಬಳಿಯ ಖಡಕಿಯ ಕಾರ್ಖಾನೆಯದು. 1869ರಲ್ಲಿ ಆರಂಭವಾದ ಆ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗಿದೆ. ಪರವಾನಗಿಯಲ್ಲಿ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಪ್ರತ್ಯೇಕವಾಗಿ ಬರೆದಿರುತ್ತದೆ. ಅದಕ್ಕಿಂತ ಬಹಳ ಕಡಿಮೆ ಕೊಳ್ಳಿ. ವರ್ಷಕ್ಕೆ ಹತ್ತು ಸಾಕಾಗುವ ಮನೆಯಲ್ಲಿ ಐವತ್ತು ತಂದಿಟ್ಟರೆ ಉಳಿದ ನಲವತ್ತು ಮುಂದಿನ ಮಳೆಗಾಲಕ್ಕೂ ನೆನೆಯುತ್ತವೆ.

ತೋಟೆಗಳನ್ನು ಕೋವಿಯಿಂದ ಬೇರೆಯೇ ಕಪಾಟಿನಲ್ಲಿ, ಬೇರೆಯೇ ಬೀಗದ ಕೆಳಗೆ, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿಡಿ. ಹಿಂದಿನವರು ಒಣಗಿರಲಿ ಎಂದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಅಡಿಕೆಗೆ, ಕೊಡಂಪುಳಿಗೆ ಆ ಜಾಗ ಒಳ್ಳೆಯದು. ತೋಟೆಗಲ್ಲ. ಶಾಖ ಮದ್ದನ್ನು ಕೆಡಿಸುತ್ತದೆ, ಕೆಳಗೆ ಬೆಂಕಿ ಇದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಳಸುವ ಮೊದಲು ಪ್ರತಿ ತೋಟೆಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ. ಹಿತ್ತಾಳೆಯ ಬುಡದಲ್ಲಿ ಹಸಿರು ಪುಡಿ ಕೂತಿದೆಯೇ, ಕಾಗದದ ಮೈ ಉಬ್ಬಿದೆಯೇ, ಬಾಯಿ ಸಡಿಲವಾಗಿದೆಯೇ? ಯಾವುದೇ ಒಂದು ಇದ್ದರೂ ಅದನ್ನು ಬದಿಗಿಡಿ. ಬಿಸಿಲಿಗೆ ಒಣಗಿಸುವುದು, ಬಿಚ್ಚಿ ನೋಡುವುದು, ಹೊಂಡದಲ್ಲಿ ಹೂಳುವುದು ಬೇಡ. ಠಾಣೆಗೆ ಅಥವಾ ಕೊಂಡ ವ್ಯಾಪಾರಿಗೆ ಒಪ್ಪಿಸಿ, ಪುಸ್ತಕದಲ್ಲಿ ಬರೆಸಿಕೊಳ್ಳಿ.

ಮನೆಯಲ್ಲಿ ಇಪ್ಪತ್ತು ಬೋರ್ ಕೋವಿಯೂ ಇದ್ದರೆ ಎರಡರ ತೋಟೆಗಳು ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಎಂದಿಗೂ ಬೆರೆಯಬಾರದು. ಇಪ್ಪತ್ತು ಬೋರಿನ ತೋಟೆ ಹನ್ನೆರಡರ ಕೋಣೆಯಲ್ಲಿ ನಿಲ್ಲದೆ ಜಾರಿ ಮುಂದೆ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಬ್ಬುಬೆಳಕಿನಲ್ಲಿ ಕೋಣೆ ಖಾಲಿಯಿದೆಯೆಂದು ಕಾಣುತ್ತದೆ, ಹಿಂದಿನಿಂದ ಹನ್ನೆರಡರದ್ದು ಸರಾಗವಾಗಿ ಕೂರುತ್ತದೆ. ಆಮೇಲೆ ನಡೆಯುವುದರಲ್ಲಿ ಎಡಗೈ ಉಳಿಯುವುದಿಲ್ಲ. ಇಪ್ಪತ್ತರ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಜಗತ್ತಿನಾದ್ಯಂತ ಬಂದದ್ದು ಇದೇ ಕಾರಣಕ್ಕೆ.

ಇನ್ನು ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವ ವಿಚಾರ. ಅಮೆರಿಕದವರು ಮನೆಯ ಮೇಜಿನ ಮೇಲೆ ಯಂತ್ರವಿಟ್ಟುಕೊಂಡು ಅರೆಸ್ವಯಂಚಾಲಿತ ರೈಫಲ್ಲುಗಳಿಗೆ ತೋಟೆ ತುಂಬುವ ವಿಡಿಯೋಗಳನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಹಳಬರಲ್ಲೂ ಕೆಲವರು ತಮ್ಮ ಯೌವನದಲ್ಲಿ ಹಿತ್ತಾಳೆ ತೋಟೆಗೆ ಕೈಯಲ್ಲೇ ತುಂಬಿದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ ಅರೆಸ್ವಯಂಚಾಲಿತ ರೈಫಲ್ ನಿರ್ಬಂಧಿತ ವರ್ಗದ ಆಯುಧ, ತೋಟದ ಕಾವಲಿಗೆಂದು ಸಿಗುವಂಥದ್ದಲ್ಲ. ನಮ್ಮ ಪರವಾನಗಿ ತೋಟೆಯನ್ನು ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. ತಯಾರಿಕೆಗೆ ಕಾಯಿದೆಯ ಐದನೆಯ ಸೆಕ್ಷನ್ನಿನಂತೆ ಬೇರೆಯೇ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ 2019ರ ಬಳಿಕ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ತೋಟೆಯ ಬಿಡಿಭಾಗಗಳನ್ನೂ ಕಾಯಿದೆ ಮದ್ದುಗುಂಡಿನೊಳಗೇ ಸೇರಿಸಿದೆ.

ಕಾನೂನನ್ನು ಬದಿಗಿಟ್ಟರೂ ನಾನು ಬೇಡವೆಂದೇ ಹೇಳುತ್ತೇನೆ. ಕರಿಮದ್ದು ಮತ್ತು ಹೊಗೆರಹಿತ ಮದ್ದು ನೋಡಲು ಅಕ್ಕತಂಗಿಯರಂತೆ ಕಾಣಬಹುದು. ಒಂದೇ ಚಮಚದಲ್ಲಿ ಅಳೆದರೆ ಎರಡರ ಬಲದಲ್ಲಿ ಅಜಗಜಾಂತರ. ಹೊಗೆರಹಿತ ಮದ್ದುಗಳಲ್ಲೇ ಒಂದು ನಿಧಾನ ಉರಿಯುತ್ತದೆ, ಇನ್ನೊಂದು ಸಿಡಿದಂತೆ ಉರಿಯುತ್ತದೆ. ಒಮ್ಮೆ ಹಾರಿದ ಪ್ಲಾಸ್ಟಿಕ್ ತೋಟೆಯ ಬಾಯಿ ದಣಿದಿರುತ್ತದೆ, ಮೊದಲಿನ ಬಿಗಿ ಬರುವುದಿಲ್ಲ, ನಮ್ಮ ತೇವ ಒಳಗೆ ನುಗ್ಗುತ್ತದೆ. ಖಾಲಿ ತೋಟೆಗಳನ್ನು ನಾನು ಎಣಿಸಿ, ಪುಸ್ತಕಕ್ಕೆ ತಾಳೆ ಹಾಕಿ, ಮುಂದಿನ ಬಾರಿ ಕೊಳ್ಳಲು ಹೋದಾಗ ಜೊತೆಗೆ ಒಯ್ಯುತ್ತೇನೆ. ಮಕ್ಕಳ ಆಟಕ್ಕೆ ಒಂದನ್ನೂ ಬಿಡುವುದಿಲ್ಲ.

ಶುಚಿಗೊಳಿಸುವುದು

ಪತ್ತನಾಜೆಯ ವಾರದಲ್ಲಿ, ಅಂದರೆ ಮೇ ಕೊನೆಯ ಹೊತ್ತಿಗೆ, ಒಂದು ಹಗಲನ್ನು ಇದಕ್ಕೆಂದೇ ಇಡಿ. ಮಳೆ ಹಿಡಿಯುವ ಮೊದಲು ಕೋವಿ ಒಣಗಿರುವಾಗಲೇ ಪೂರ್ತಿ ಬಿಚ್ಚಿ ಒರೆಸಬೇಕು. ಮಕ್ಕಳಿಲ್ಲದ ಹೊತ್ತು, ಬಾಗಿಲು ಮುಚ್ಚಿದ ಕೋಣೆ, ಕಿಟಕಿಯ ಬೆಳಕು, ಹಳೆಯ ಬೈರಾಸು ಹಾಸಿದ ಮೇಜು. ಆ ಕೋಣೆಯಲ್ಲಿ ಒಂದೇ ಒಂದು ತೋಟೆಯೂ ಇರಬಾರದು. ಕೈಯನ್ನು ಸಾಬೂನಿನಿಂದ ತೊಳೆದು ಒಣಗಿಸಿ. ಬೋರ್ಡೋ ಹೊಡೆಯುವ ದಿನಗಳಲ್ಲಿ ಎರಡು ಬಾರಿ.

ಕೋವಿಯನ್ನು ಮಡಚಿ. ಎರಡೂ ಕೋಣೆಗಳನ್ನು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳನ್ನು ಒಳಗೆ ಹಾಕಿ ಖಾಲಿಯೆಂದು ಮುಟ್ಟಿ ತಿಳಿಯಿರಿ. ನಿನ್ನೆ ನೋಡಿದ್ದೆ ಎಂಬುದು ಲೆಕ್ಕಕ್ಕಿಲ್ಲ. ಬಳಿಕ ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿ, ನಳಿಗೆಯನ್ನು ಬೇರ್ಪಡಿಸಿ.

ಈಗ ಒರೆಸುವುದಕ್ಕೆ ಮೊದಲೇ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಒಳಗೆ ನೋಡಿ. ಒಳ್ಳೆಯ ನಳಿಗೆಯೊಳಗೆ ಬೆಳಕು ಒಂದರೊಳಗೊಂದು ಉಂಗುರಗಳಾಗಿ, ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ ದುಂಡಗೆ ಕಾಣುತ್ತದೆ. ಉಂಗುರ ಒಂದು ಕಡೆ ಸೊಟ್ಟಗಾಗಿದ್ದರೆ ಹೊರಗಿನಿಂದ ಪೆಟ್ಟು ಬಿದ್ದು ತಗ್ಗಾಗಿದೆ ಎಂದರ್ಥ. ಸುತ್ತಲೂ ಒಂದು ಕಪ್ಪು ನೆರಳಿನ ಬಳೆ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಉಬ್ಬಿದ ನಳಿಗೆಯ ಕೋವಿಗೆ ಆ ದಿನದಿಂದಲೇ ವಿಶ್ರಾಂತಿ. ಇನ್ನೊಂದು ಸಂಗತಿ, ಅಂಗಡಿಯ ಕೈಪಿಡಿಗಳಲ್ಲಿ ಇರುವುದಿಲ್ಲ: ಮಣ್ಣಿನ ಗೂಡು ಕಟ್ಟುವ ಕಣಜ. ಬೀಗದ ತೂತಿನಲ್ಲಿ, ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಕಟ್ಟುವ ಅದೇ ಕಣಜ ಗೋಡೆಗೆ ಒರಗಿಸಿಟ್ಟ ಕೋವಿಯ ಬಾಯಿಯೊಳಗೂ ಕಟ್ಟುತ್ತದೆ. ನಮ್ಮ ಎಡ ನಳಿಗೆಯಿಂದ ಒಮ್ಮೆ ಹೆಬ್ಬೆರಳಿನಷ್ಟು ಉದ್ದದ ಗಟ್ಟಿ ಕೆಮ್ಮಣ್ಣು, ಒಳಗೆ ಸತ್ತ ಜೇಡಗಳ ಸಮೇತ, ಸಲಾಕೆಯ ತುದಿಗೆ ಬಂತು. ಅದನ್ನು ನೋಡದೆ ಗುಂಡು ಹಾರಿಸಿದ್ದರೆ ನಳಿಗೆ ಸೀಳುತ್ತಿತ್ತು.

ಒರೆಸುವ ದಿಕ್ಕು ಯಾವಾಗಲೂ ತೋಟೆ ಹಾಕುವ ಕಡೆಯಿಂದ ಬಾಯಿಯ ಕಡೆಗೆ. ಕೊಳೆ ಮುಂದಿನಿಂದ ಹೊರಗೆ ಹೋಗಬೇಕು, ಯಂತ್ರದ ಭಾಗಕ್ಕೆ ಬರಬಾರದು. ಮೊದಲು ಒಣ ಹತ್ತಿಬಟ್ಟೆಯನ್ನು ಸಲಾಕೆಗೆ ಸುತ್ತಿ ಒಂದೆರಡು ಬಾರಿ ನೂಕಿ. ಹಳೆಯ ಪಂಚೆಯ ಬಟ್ಟೆ ಇದಕ್ಕೆ ಅತ್ಯುತ್ತಮ. ಆಮೇಲೆ ಕೋವಿ ಶುಚಿಗೊಳಿಸುವ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಿ. ಅದಿಲ್ಲದಿದ್ದರೆ ಸೀಮೆಎಣ್ಣೆ ನಡೆಯುತ್ತದೆ, ಆದರೆ ಕೊನೆಯಲ್ಲಿ ಅದರ ಪಸೆಯೂ ಉಳಿಯದಂತೆ ಒರೆಸಬೇಕು. ಬಳಿಕ ಕಂಚಿನ ಎಳೆಯ ಬ್ರಷ್. ಉಕ್ಕಿನ ಬ್ರಷ್ ಬೇಡ, ಅದು ನಳಿಗೆಯನ್ನೇ ಗೀರುತ್ತದೆ. ಒಳಗೆ ಹೋದ ಬ್ರಷ್ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಿರಿ, ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಮುರಿಯುತ್ತವೆ. ಹದಿನೈದು ಬಾರಿ. ತೋಟೆ ಕೂರುವ ಕೋಣೆಗೂ ಅದರ ಮುಂದಿನ ಕಿರಿದಾಗುವ ಭಾಗಕ್ಕೂ ಇನ್ನೂ ಐದು ಬಾರಿ ಹೆಚ್ಚು, ಏಕೆಂದರೆ ಸೀಸವೂ ಪ್ಲಾಸ್ಟಿಕ್ಕೂ ಅಂಟುವುದು ಅಲ್ಲಿ.

ನಂತರ ಬಟ್ಟೆ ಬದಲಿಸುತ್ತಾ ಒರೆಸಿ. ಮೊದಲನೆಯದು ಕಪ್ಪಾಗಿ ಬರುತ್ತದೆ, ನಾಲ್ಕನೆಯದು ಬೂದು, ಏಳನೆಯದೋ ಎಂಟನೆಯದೋ ಹಾಕಿದಂತೆಯೇ ಬಿಳಿಯಾಗಿ ಹೊರಬರುತ್ತದೆ. ಕಂದು ಬಣ್ಣ ಬರುತ್ತಲೇ ಇದ್ದರೆ ಅದು ಮಸಿಯಲ್ಲ, ತುಕ್ಕು. ದ್ರಾವಣ ಹಚ್ಚಿ ರಾತ್ರಿಯಿಡೀ ಬಿಟ್ಟು ಮರುದಿನ ಮತ್ತೆ ಮಾಡಿ. ತುಕ್ಕು ಗುಳಿಗಳಾಗಿ ಇಳಿದಿದ್ದರೆ ಮರಳು ಕಾಗದ ಹಿಡಿದು ಕೂರಬೇಡಿ, ಅದು ತಿಳಿದವರ ಕೆಲಸ. ಕೊನೆಗೆ ಎಣ್ಣೆಯ ಎರಡು ಹನಿ ಹಾಕಿದ ಬಟ್ಟೆಯನ್ನು ಒಮ್ಮೆ ಎಳೆಯಿರಿ. ಬೆರಳಿಟ್ಟರೆ ಜಾರಬೇಕು, ತೊಟ್ಟಿಕ್ಕಬಾರದು. ಗುಂಡು ಹಾರಿಸುವ ದಿನ ಆ ಎಣ್ಣೆಯನ್ನೂ ಒಣಬಟ್ಟೆಯಿಂದ ತೆಗೆಯಬೇಕು.

ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇದೆ, ಅದಕ್ಕೇ ಈ ಮಾತು: ಹಚ್ಚಬೇಡಿ. ಧನುರ್ಮಾಸದ ಚಳಿಗೆ ಗಟ್ಟಿಯಾಗುತ್ತದೆ, ಬೇಸಿಗೆಗೆ ಕಮಟು ವಾಸನೆ ಬಂದು ಅಂಟಾಗುತ್ತದೆ, ಇರುವೆ ಬರುತ್ತದೆ, ತೋಟೆಗೆ ಹೊಡೆಯುವ ಮೊಳೆಯ ತೂತಿನಲ್ಲಿ ಮಣ್ಣಿನೊಂದಿಗೆ ಸೇರಿ ಮೇಣವಾಗುತ್ತದೆ. ಕೋವಿಯೆಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು.

ಮಡಚುವ ಜಾಗಕ್ಕೆ, ಮೊಳೆ ಹೊರಬರುವ ತೂತುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬಳಸಿ. ತಿರುಗಣೆಯ ಮೇಲೆ ಅಕ್ಕಿಕಾಳಿನಷ್ಟು ಗ್ರೀಸ್. ಬದಿಯ ತಗಡುಗಳ ತಿರುಪುಗಳನ್ನು ಮನೆಯ ಸ್ಕ್ರೂಡ್ರೈವರಿನಿಂದ ಬಿಚ್ಚಬೇಡಿ. ಅದರ ಸೀಳು ಹಾಳಾದರೆ ಮುಂದೆ ಯಾರೂ ಸರಿಯಾಗಿ ಬಿಚ್ಚಲಾರರು, ಒಳಗಿನ ಸ್ಪ್ರಿಂಗ್ ಹಾರಿದರೆ ಮತ್ತೆ ಕೂರಿಸುವುದು ನಮ್ಮಿಂದಾಗದು. ಮರದ ಹಿಡಿಗೆ ಅಗಸೆಎಣ್ಣೆ. ನಾಲ್ಕು ಹನಿಯನ್ನು ಅಂಗೈಯಲ್ಲೇ ತಿಕ್ಕಿ, ಅಂಗೈ ಬೆಚ್ಚಗಾಗುವವರೆಗೆ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಗ್ಗದ ಮೇಲೆ ಬಿಡಿಸಿ ಒಣಹಾಕಿ.

ಜೋಡಿಸಿದ ಮೇಲೆ ಒಂದು ಪರೀಕ್ಷೆ. ನಳಿಗೆಯ ಕೆಳಗಿನ ಮರದ ತುಂಡನ್ನು ಹಾಕದೆ ಕೋವಿಯನ್ನು ಮುಚ್ಚಿ, ಕಿವಿಯ ಬಳಿ ಮೆಲ್ಲಗೆ ಅಲುಗಾಡಿಸಿ. ನಳಿಗೆಗೂ ಹಿಂಬದಿಗೂ ನಡುವೆ ಕಟಕಟ ಸದ್ದು ಕೇಳಿದರೆ ಬಿಗಿ ಹೋಗಿದೆ, ರಿಪೇರಿಗೆ ಕೊಡಿ.

ಮಳೆಗಾಲದ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೋವಿಯನ್ನು ಹೊರತೆಗೆದು ನೋಡಿ, ಹೊರಮೈ ಒರೆಸಿ, ಎಣ್ಣೆಬಟ್ಟೆ ಎಳೆಯಿರಿ. ಮುಟ್ಟಿದ ಪ್ರತಿ ಬಾರಿಯೂ ಇಡುವ ಮೊದಲು ಒರೆಸಿ, ಬೆವರಿನ ಉಪ್ಪು ಒಂದೇ ರಾತ್ರಿಯಲ್ಲಿ ಗುರುತು ಕೂರಿಸುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯ ಮನೆಗಳಲ್ಲಿ ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು, ಅಲ್ಲಿ ಗಾಳಿಯಲ್ಲೇ ಉಪ್ಪಿದೆ.

ತೊಗಲಿನ ಚೀಲ ಸಾಗಿಸುವುದಕ್ಕೆ ಮಾತ್ರ. ಅದರಲ್ಲೇ ಇಟ್ಟರೆ ತೊಗಲು ತೇವವನ್ನು ಕುಡಿದು ಉಕ್ಕಿಗೆ ಕೊಡುತ್ತದೆ. ಕಬ್ಬಿಣದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ಖಾಲಿ ಕೋವಿಯನ್ನು ಬೀಗ ಹಾಕಿ ಇಡಿ. ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಮರದ ಹಿಡಿಯನ್ನು ಮೆದುವಾಗಿಸುವುದು ತಪ್ಪುತ್ತದೆ. ಬಾಯಿಯ ಕೆಳಗೆ ಒಂದು ತುಂಡು ಬಟ್ಟೆ ಇಡಿ. ಸಿಲಿಕಾ ಜೆಲ್ಲಿನ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅವು ತೇವದಿಂದ ತುಂಬಿವೆ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ನೀಲಿಯಾಗುತ್ತವೆ, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಮೈಲುತುತ್ತಿನ ಚೀಲ, ರಸಗೊಬ್ಬರ, ಸುಣ್ಣ ಇರುವ ಕೋಣೆಯಲ್ಲಿ ಕೋವಿ ಇರಲೇಬಾರದು.

ಗುಂಡು ಹಾರದಿದ್ದರೆ

ಟ್ರಿಗರ್ ಒತ್ತಿದಿರಿ, ಟಿಕ್ ಎಂದಿತು, ಗುಂಡು ಹಾರಲಿಲ್ಲ. ಕೂಡಲೇ ಮಡಚಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ತಡೆಯಿರಿ. ನೆನೆದ ತೋಟೆಯಲ್ಲಿ ಕಿಡಿ ಮದ್ದಿಗೆ ತಡವಾಗಿ ತಲುಪಬಹುದು. ಬಾಯಿಯನ್ನು ಜನರಿಲ್ಲದ ಮಣ್ಣಿನ ದಿಬ್ಬದ ಕಡೆ ಹಿಡಿದು ಅರುವತ್ತು ಎಣಿಸಿ, ಮುಖವನ್ನು ಬದಿಗೆ ತಿರುಗಿಸಿಕೊಂಡು ಮಡಚಿ. ಇನ್ನೂ ಅಪಾಯಕಾರಿ ಸದ್ದು ಇನ್ನೊಂದು: ಗುಂಡು ಹಾರಿತು, ಆದರೆ ಠುಸ್ ಎಂದು ಸೋತ ಸದ್ದು, ಹೆಗಲಿಗೆ ಹೊಡೆತವೇ ಇಲ್ಲ. ತೋಟೆಯೊಳಗೆ ಮದ್ದಿಗೂ ಗುಂಡಿಗೂ ನಡುವೆ ಇರುವ ಬಿರಡೆ ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿರಬಹುದು. ಎರಡೂ ತೋಟೆಗಳನ್ನು ತೆಗೆದು, ನಳಿಗೆಯ ಮೂಲಕ ಬೆಳಕು ಕಾಣುವವರೆಗೆ ಇನ್ನೊಂದು ಗುಂಡು ಹಾರಿಸಬೇಡಿ.

ಹಂದಿಯ ಮಾತು ಬಾರದೆ ಇರದು. ಕೋವಿಯಿದೆ, ತೋಟ ನನ್ನದು, ಹಂದಿ ಬಂದಿದೆ, ಹೊಡೆದೆ ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. 2022ರಲ್ಲಿ ಕೇರಳ ಸರ್ಕಾರ ಬೆಳೆ ನಾಶ ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ದೂರು ಪಂಚಾಯತಿಗೆ ಹೋಗಬೇಕು, ಆದೇಶ ಅಲ್ಲಿಂದ ಬರಬೇಕು, ಪರವಾನಗಿ ಇರುವ ಪಟ್ಟಿಯಲ್ಲಿನವರೇ ಹೊಡೆಯಬೇಕು. ಸತ್ತ ಪ್ರಾಣಿಯನ್ನು ನಿಯಮದಂತೆ ಹೂಳಬೇಕು, ಅಡುಗೆಮನೆಗೆ ತರುವಂತಿಲ್ಲ. ಆ ಪಟ್ಟಿಯಲ್ಲಿ ಹೆಸರು ಬರೆಸುವುದು ಒಳ್ಳೆಯ ಕೆಲಸ, ಊರಿಗೆ ಉಪಕಾರ. ಮಂಗ, ನವಿಲು, ಕೆಂದಳಿಲುಗಳು ಬೆಳೆಯನ್ನು ಎಷ್ಟೇ ಹಾಳು ಮಾಡಿದರೂ ಈ ಆದೇಶ ಅವುಗಳಿಗೆ ಅನ್ವಯಿಸುವುದಿಲ್ಲ. ವಿದ್ಯುತ್ ತಂತಿ ಎಳೆಯುವುದು, ಸಿಡಿಮದ್ದು ಇಡುವುದು ಯಾವ ಪ್ರಾಣಿಗೂ ಸಲ್ಲದು. ಚುನಾವಣೆ ಘೋಷಣೆಯಾದಾಗ ಠಾಣೆಯಿಂದ ಸೂಚನೆ ಬಂದರೆ ಕೋವಿಯನ್ನು ಒಪ್ಪಿಸಿ ರಶೀದಿ ಪಡೆಯಿರಿ. ಒಪ್ಪಿಸುವ ಹಿಂದಿನ ದಿನ ದಪ್ಪಗೆ ಎಣ್ಣೆ ಹಚ್ಚಿ, ಹಿಂದೆ ತಂದ ದಿನವೇ ಒಳಗೆ ಹೊರಗೆ ಒರೆಸಿ. ಅಲ್ಲಿ ಅದನ್ನು ಒರೆಸುವವರು ಯಾರೂ ಇರುವುದಿಲ್ಲ.

ನವರಾತ್ರಿಯ ಆಯುಧ ಪೂಜೆಗೆ ನಮ್ಮ ಮನೆಯಲ್ಲಿ ಕತ್ತಿ, ಹಾರೆ, ಪಂಪುಗಳ ಜೊತೆ ಕೋವಿಯನ್ನೂ ಇಡುತ್ತೇವೆ. ಅಜ್ಜನ ಕಾಲದಿಂದ ಬಂದದ್ದು, ಮುಂದೆಯೂ ನಡೆಯುತ್ತದೆ. ಆದರೆ ನೀರಿನಲ್ಲಿ ತೇಯ್ದ ಗಂಧದ ಬೊಟ್ಟನ್ನು ಉಕ್ಕಿಗೆ ಇಡುವುದಿಲ್ಲ. ಒಂದು ವರ್ಷ ಇಟ್ಟು ಮರೆತಾಗ ವಿಜಯದಶಮಿಯ ಬೆಳಗ್ಗೆ ಗಂಧದ ಅಡಿಯಲ್ಲಿ ದುಂಡನೆಯ ತುಕ್ಕು ಕೂತಿತ್ತು. ಈಗ ಅಮ್ಮ ಮರದ ಹಿಡಿಯ ಮೇಲೆ ಸಣ್ಣದೊಂದು ಬೊಟ್ಟು ಇಡುತ್ತಾರೆ, ಆರತಿ ಮುಗಿದ ಮೇಲೆ ನಾನು ಬೀಗ ತೆಗೆದು ಒಳಗಿಡುವ ಮೊದಲು ಒಣಬಟ್ಟೆಯಿಂದ ಒರೆಸುತ್ತೇನೆ. ಅದೇ ದಿನ ತೋಟೆಗಳನ್ನು ಎಣಿಸಿ, ಖಾಲಿಯಾದವುಗಳನ್ನು ಬೇರೆ ಎಣಿಸಿ, ಎರಡೂ ಸಂಖ್ಯೆಗಳನ್ನು ತಾರೀಖಿನೊಂದಿಗೆ ಪರವಾನಗಿಯ ಪ್ರತಿಯ ಹಿಂದೆ ಬರೆದಿಡುತ್ತೇನೆ.